ಬಳೆ ಅಂಗಡಿಯ ಬ್ಯಾಟು

ಬ್ಯಾಟಿಗೆ ಕಿವಿ ಕೊಡುವ ಮುಂಚೆ ಖಾಲಾ ತಮ್ಮ ಎರಡೂ ಕೈಯ ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಳ್ಳುತ್ತಿದ್ದರು. ಹಸಿರು ಬಳೆ, ಕೆಂಪು ಬಳೆ, ನಡುನಡುವೆ ಚಿನ್ನದ ಚುಕ್ಕಿಯ ಬಳೆ. ಅವೆಲ್ಲ ಮೇಲೆ ಹೋಗಿ, ತೋಳಿನ ದಪ್ಪಕ್ಕೆ ಸಿಕ್ಕಿ, ಸದ್ದು ನಿಲ್ಲಬೇಕು. ಆಮೇಲೆ ಎಡಗೈಯಲ್ಲಿ ಹ್ಯಾಂಡಲಿನ ತುದಿ ಹಿಡಿದು ಬ್ಯಾಟನ್ನು ತೂಗುಬಿಟ್ಟು, ಬಲಗೈ ಗೆಣ್ಣಿನಿಂದ ಮೇಲೊಮ್ಮೆ, ನಡುವೊಮ್ಮೆ, ಬುಡಕ್ಕೊಮ್ಮೆ ಬಡಿಯುತ್ತಿದ್ದರು. ಬೇಸಿಗೆಯಲ್ಲಿ ನಮ್ಮ ಕಡೆಯ ಹೆಂಗಸರು ನೀರಿನ ಗಡಿಗೆ ಕೊಳ್ಳುವಾಗ ಬಡಿದು ನೋಡುತ್ತಾರಲ್ಲ, ಹಾಗೆ. ಬಳೆ ಸರಿದ ಜಾಗದಲ್ಲಿ ಮುಂಗೈಯ ಸುತ್ತ ಒಂದು ಅಗಲವಾದ ಬಿಳಿಚಿದ ಪಟ್ಟಿ ಕಾಣುತ್ತಿತ್ತು. ಅಷ್ಟು ವರ್ಷ ಬಿಸಿಲನ್ನೇ ಕಾಣದ ಚರ್ಮ.

ಅವರು ನನಗೆ ನೆಂಟರಲ್ಲ. ಉರ್ದುವಿನಲ್ಲಿ ಖಾಲಾ ಎಂದರೆ ತಾಯಿಯ ತಂಗಿ ಅಥವಾ ಅಕ್ಕ. ಜೇವರ್ಗಿಯಲ್ಲಿ ನಮ್ಮ ಓಣಿಯವರು, ಪಕ್ಕದ ಓಣಿಯವರು, ಕೊಳಕೂರ ಮತ್ತು ಅಂದೋಲಾದಿಂದ ಸಂತೆಗೆ ಬರುವವರು, ಎಲ್ಲರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು. ನನ್ನ ಅವ್ವನೂ ಖಾಲಾ ಎನ್ನುತ್ತಿದ್ದಳು, ನಾನೂ ಖಾಲಾ ಎನ್ನುತ್ತಿದ್ದೆ. ಈ ಲೆಕ್ಕ ಸರಿಹೋಗುವುದಿಲ್ಲ ಎಂದು ನಾನೊಮ್ಮೆ ಹೇಳಿದಾಗ, ಅಂಗಡಿಗೆ ಬಂದವರ ಲೆಕ್ಕ ಇಡುವುದೇ ಸಾಕಾಗಿದೆ, ನೆಂಟಸ್ತನದ ಲೆಕ್ಕ ನೀನೇ ಇಟ್ಟುಕೋ ಎಂದು ನಕ್ಕಿದ್ದರು. ನಾನು ಡೈರಿ ಬರೆಯುವುದು ಅವರಿಗೆ ಗೊತ್ತಿತ್ತು.

ಅವರದು ಬಳೆ ಅಂಗಡಿ. ಮುಂಭಾಗದಲ್ಲಿ ಮೂರು ಗೋಡೆಗೂ ಬಳೆಯ ಕೋಲುಗಳು, ನಡುವೆ ಒಂದು ಚಾಪೆ, ಚಾಪೆಯ ಮೇಲೆ ಖಾಲಾ. ಹಿಂದೆ ಒಂದು ಹೂವಿನ ಪರದೆ. ಪರದೆಯ ಆಚೆ, ಹಳೆಯ ಉರ್ದು ಪೇಪರ್ ಸುತ್ತಿಕೊಂಡು, ಗೋಡೆಗೆ ಒರಗಿ ಬ್ಯಾಟುಗಳು ನಿಂತಿರುತ್ತಿದ್ದವು. ಇದಕ್ಕೆ ಕಾರಣ ಅವರ ಗಂಡ, ನಮಗೆಲ್ಲ ಚಾಚಾ. ಚಾಚಾ ಲಾರಿ ಓಡಿಸುತ್ತಿದ್ದರು. ನಮ್ಮ ಕಡೆಯ ತೊಗರಿ ಬೇಳೆ ಹೇರಿಕೊಂಡು ಉತ್ತರಕ್ಕೆ ಹೋದವರು ಬರುವಾಗ ಕಾಶ್ಮೀರದ ಸೇಬು ತರುತ್ತಿದ್ದರು. ಅಲ್ಲಿ ರಸ್ತೆ ಬದಿಯಲ್ಲಿಯೇ ಬ್ಯಾಟು ಕೆತ್ತುವ ಶೆಡ್ಡುಗಳಿವೆಯಂತೆ. ಒಮ್ಮೆ ಟೈರ್ ಕೆಟ್ಟು ಒಂದು ಶೆಡ್ಡಿನ ಮುಂದೆ ಇಡೀ ದಿನ ನಿಂತಾಗ, ಹೊತ್ತು ಹೋಗದೆ ನಾಲ್ಕು ಬ್ಯಾಟು ಕೊಂಡು ತಂದರು. ಅವು ಬಳೆಗಿಂತ ಬೇಗ ಮಾರಿಹೋದವು. ಅಂದಿನಿಂದ ಪ್ರತಿ ಸಲ ಸೇಬಿನ ಪೆಟ್ಟಿಗೆಗಳ ಮೇಲೆ ಒಂದು ಕಟ್ಟು ಬ್ಯಾಟು ಬರುವುದು ರೂಢಿಯಾಯಿತು.

ಬ್ಯಾಟು ಕೊಳ್ಳಲು ಬರುವ ಹುಡುಗರ ಪಾಡು ನೋಡುವಂತಿರುತ್ತಿತ್ತು. ಒಳಗೆ ಹೆಂಗಸರು ಬಳೆ ಇಡಿಸಿಕೊಳ್ಳುತ್ತಿರುವಾಗ ಗಂಡಸರು ಮೆಟ್ಟಿಲು ಹತ್ತುವಂತಿರಲಿಲ್ಲ. ಹಳ್ಳಿಯಲ್ಲಿ ಆರು ಬಾಲಿಗೆ ಆರು ಸಿಕ್ಸರ್ ಎತ್ತುವವನೂ ಇಲ್ಲಿ ಚಪ್ಪಲಿಗಳ ಪಕ್ಕದಲ್ಲಿ ಕೈಕಟ್ಟಿ ಕೂತಿರಬೇಕು. ಒಳಗಿನಿಂದ ಯಾರಾದರೂ ಮುದುಕಿ, ನೀನೇನು ಹೆಂಡತಿಗೆ ಬಳೆ ಒಯ್ಯಲು ಬಂದೆಯಾ ಎಂದು ಕೇಳಿದರೆ ಅವನ ಗೆಳೆಯರು ವರ್ಷವಿಡೀ ಅದನ್ನೇ ಹೇಳಿ ನಗುತ್ತಿದ್ದರು.

ಖಾಲಾ ತಮ್ಮ ಜನ್ಮದಲ್ಲಿ ಒಂದು ಬಾಲನ್ನೂ ಆಡಿದವರಲ್ಲ. ಟಿವಿಯಲ್ಲಿ ಪಂದ್ಯ ಬಂದರೆ ಸ್ಕೋರು ನೋಡುತ್ತಿರಲಿಲ್ಲ, ಆಡುವವರ ಕೈ ನೋಡುತ್ತಿದ್ದರು. ಅವರಿಗೆ ಗೊತ್ತಿದ್ದದ್ದು ಕೈ. ಮೂವತ್ತು ವರ್ಷ ಹೆಂಗಸರ ಕೈ ಹಿಸುಕಿ ಬಳೆ ಏರಿಸಿದವರು. ಎದುರಿಗೆ ಕೈ ಚಾಚಿದರೆ ಸಾಕು, ಹೆಬ್ಬೆರಳಿನ ಬುಡವನ್ನು ಒಮ್ಮೆ ಒತ್ತಿ, ನಾಲ್ಕು ಬೆರಳನ್ನು ಒಟ್ಟಿಗೆ ಮಡಚಿ, ಎರಡು-ನಾಲ್ಕು ಅಥವಾ ಎರಡು-ಆರು ಎಂದು ಅಳತೆ ಹೇಳಿಬಿಡುತ್ತಿದ್ದರು. ಅದು ಬಳೆಯ ಸೈಜು. ಬ್ಯಾಟಿನ ಗಿರಾಕಿ ಬಂದಾಗಲೂ ಅವರ ಕೆಲಸ ಅಲ್ಲಿಂದಲೇ ಶುರು. ಕೈ ಹಿಸುಕಿದ ಮೇಲೆ, ಆ ಕೈಗೆ ತಕ್ಕ ದಪ್ಪದ ಹ್ಯಾಂಡಲ್ ಇರುವ ಮೂರೋ ನಾಲ್ಕೋ ಬ್ಯಾಟು ಹೊರಗೆ ಬರುತ್ತಿದ್ದವು. ಅವುಗಳ ಪೇಪರ್ ಬಿಚ್ಚುತ್ತಿರಲಿಲ್ಲ. ಕಣ್ಣು ಮುಚ್ಚಿ ಒಂದೊಂದನ್ನೇ ಎಡಗೈಯಲ್ಲಿ ಎತ್ತಿ ಹಿಡಿಯಬೇಕು. ಮೊದಲು ಕೈ, ಆಮೇಲೆ ಕಿವಿ, ಕೊನೆಗೆ ಕಣ್ಣು. ಅದು ಅಂಗಡಿಯ ಕಾನೂನು.

ಈ ಕಾನೂನು ಯಾರಿಗೂ ಇಷ್ಟವಿರಲಿಲ್ಲ. ಎಲ್ಲರಿಗೂ ಮೊದಲು ಸ್ಟಿಕ್ಕರ್ ನೋಡಬೇಕು. ಆದರೆ ಚಾಚಾ ತರುತ್ತಿದ್ದ ಬ್ಯಾಟುಗಳ ಮೈಮೇಲೆ ಏನೂ ಇರುತ್ತಿರಲಿಲ್ಲ. ಸ್ಟಿಕ್ಕರುಗಳೆಲ್ಲ ಒಂದು ಬಿಸ್ಕೀಟಿನ ಡಬ್ಬಿಯಲ್ಲಿದ್ದವು, ಬೇಕಾದವರು ಬೇರೆ ದುಡ್ಡು ಕೊಟ್ಟು ಅಂಟಿಸಿಕೊಳ್ಳಬಹುದಿತ್ತು. ಒಂದೇ ಬ್ಯಾಟಿಗೆ ಎರಡು ಬೇರೆ ಬೇರೆ ಸ್ಟಿಕ್ಕರ್ ಹಚ್ಚಿಸಿಕೊಂಡು ಹೋದವರೂ ಇದ್ದಾರೆ.

ಒಂದು ಭಾನುವಾರ ನಾನು ಅಲ್ಲಿ ಇದ್ದಾಗಲೇ ಕೊಳಕೂರದ ತಂಡದವರು ಬಂದರು. ಮನೆ ಮನೆಗೆ ಪಟ್ಟಿ ಎತ್ತಿ ದುಡ್ಡು ಕೂಡಿಸಿದ್ದರು. ಹನ್ನೊಂದು ಜನಕ್ಕೆ ಒಂದೇ ಬ್ಯಾಟು. ಕ್ಯಾಪ್ಟನ್ ಆಳು ಎತ್ತರ, ತೋಳು ಗಟ್ಟಿ. ಅವನು ಇದ್ದದ್ದರಲ್ಲೇ ದಪ್ಪನೆಯ ಬ್ಯಾಟು ಕೇಳಿದ. ಖಾಲಾ ಅವನ ಕೈ ಹಿಸುಕಲಿಲ್ಲ.

"ಬ್ಯಾಟ್ ನಿನಗೊಬ್ಬನಿಗೇನು?"

"ಇಲ್ರಿ ಖಾಲಾ, ಎಲ್ಲಾರಿಗೂ."

"ಮತ್ತ ಎಲ್ಲಾರೂ ಕೈ ತೋರಸ್ರಿ."

ಹನ್ನೊಂದು ಜನ ಸಾಲಾಗಿ ಬಂದು ಬಳೆ ಇಡಿಸಿಕೊಳ್ಳುವವರ ಹಾಗೆ ಚಾಪೆಯ ಮುಂದೆ ಕೈ ಚಾಚಿದರು. ಬಳೆ ಇಡಿಸಿಕೊಂಡು ಮುಗಿಸಿ ಮೂಲೆಯಲ್ಲಿ ಕೂತಿದ್ದ ಇಬ್ಬರು ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಖಾಲಾ ಎಲ್ಲ ಕೈಗಳನ್ನೂ ನೋಡಿ, ಎಲ್ಲಕ್ಕಿಂತ ಸಣ್ಣ ಕೈಯವನನ್ನು ಮುಂದೆ ಕರೆದು, ಬ್ಯಾಟು ಆರಿಸುವುದು ಇವನೇ ಎಂದರು. ಅವನು ಕೊನೆಗೆ ಬ್ಯಾಟಿಂಗ್‌ಗೆ ಇಳಿಯುವವನು. ಕ್ಯಾಪ್ಟನ್ ತಕರಾರು ತೆಗೆದ.

"ಇಂವಾ ಆಡೋದೇ ಎರಡು ಬಾಲ್ ರೀ ಖಾಲಾ."

"ಹಗುರ ಬ್ಯಾಟ್ ನೀ ಎತ್ತಬಲ್ಲಿ. ಭಾರದ್ದು ಇಂವಾ ಎತ್ತಬಲ್ಲನೇನು? ಪಟ್ಟಿ ಎಲ್ಲಾರೂ ಕೊಟ್ಟೀರಿ ಹೌದಿಲ್ಲೋ?"

ಅವರು ಹಗುರದ್ದನ್ನೇ ಒಯ್ದರು. ಆ ವರ್ಷ ಅವರು ಏನು ಗೆದ್ದರೋ ನನಗೆ ಗೊತ್ತಿಲ್ಲ. ಮರುವರ್ಷ ಅದೇ ಕ್ಯಾಪ್ಟನ್ ತಾನಾಗಿಯೇ ಸಣ್ಣ ಕೈಯವನನ್ನು ಮುಂದೆ ಬಿಟ್ಟುಕೊಂಡು ಬಂದಿದ್ದ ಎನ್ನುವುದು ಮಾತ್ರ ನನ್ನ ಡೈರಿಯಲ್ಲಿದೆ.

ನನ್ನ ಮತ್ತು ಅವರ ಪರಿಚಯ ಬ್ಯಾಟಿನಿಂದಲ್ಲ, ಬಳೆಯಿಂದಲೇ ಆದದ್ದು. ಅಕ್ಕನ ಮದುವೆಗೆ ಮನೆಯ ಹೆಂಗಸರೆಲ್ಲ ಬಳೆ ಇಡಿಸಿಕೊಳ್ಳಲು ಹೋಗಿದ್ದೆವು. ಎಲ್ಲರದೂ ಮುಗಿದು ಕೊನೆಗೆ ನನ್ನ ಸರದಿ ಬಂತು. ಖಾಲಾ ನನ್ನ ಕೈ ತೆಗೆದುಕೊಂಡು ಒತ್ತಿದವರು ಬಳೆಗೆ ಕೈ ಹಾಕಲಿಲ್ಲ. ಅಂಗೈ ತಿರುಗಿಸಿ ಬೆರಳುಗಳ ಬುಡದಲ್ಲಿದ್ದ ಗಂಟುಗಳ ಮೇಲೆ ಹೆಬ್ಬೆರಳು ಓಡಿಸಿದರು. ನಾನಾಗ ಕಾಲೇಜಿನ ಮೈದಾನದಲ್ಲಿ ಹುಡುಗರ ಜೊತೆ, ಅವರ ಭಾರದ ಬ್ಯಾಟಿನಲ್ಲಿ ದಿನಾ ಸಂಜೆ ಆಡುತ್ತಿದ್ದೆ.

"ಈ ಹುಡುಗಿ ಏನ್ ಮಾಡ್ತದ ಬೇ?" ಎಂದು ಅವ್ವನನ್ನು ಕೇಳಿದರು.

"ಏನ್ ಹೇಳಲಿ ಖಾಲಾ, ದಾಂಡು ಬಡೀತಾಳ," ಎಂದಳು ಅವ್ವ. ದೂರೋ ಹೆಮ್ಮೆಯೋ ತಿಳಿಯದಂತಹ ದನಿ.

ಎರಡು-ನಾಲ್ಕರ ಕೈ ನನ್ನದು. ಆದರೆ ಗೆಣ್ಣುಗಳು ದಪ್ಪಗಾಗಿ ಎರಡು-ನಾಲ್ಕರ ಬಳೆ ಏರಲಿಲ್ಲ. ಎರಡು-ಆರು ಹಾಕಿದರೆ ಮುಂಗೈಯಲ್ಲಿ ಜೋತುಬಿದ್ದು ಆಡುತ್ತಿತ್ತು. ಸೋಪು ಹಚ್ಚಿ ಏರಿಸಿ ಎಂದಳು ಅವ್ವ. ಖಾಲಾ ಒಪ್ಪಲಿಲ್ಲ. ನನ್ನ ಕೈಯನ್ನು ನನ್ನ ಮಡಿಲಿಗೇ ಇಟ್ಟು, "ಇದು ಆಡೋ ಕೈ ಅದ. ಇವತ್ತ ಹಾಕಿದ್ರ ನಾಳಿಗಿ ಒಡೀತಾವ. ಆಟ ಮುಗದ ಮ್ಯಾಲ ಬಾ ಬೇಟಿ, ನಾನೇ ಹಾಕ್ತೇನಿ," ಎಂದರು. ಮದುವೆಯ ಫೋಟೊಗಳಲ್ಲಿ ಬರಿಗೈಯಲ್ಲಿ ಇರುವವಳು ನಾನೊಬ್ಬಳೇ. ಅವ್ವ ಬಹಳ ದಿನ ಮುಖ ಊದಿಸಿಕೊಂಡಿದ್ದಳು.

ಅದಾದ ಮುಂದಿನ ವರ್ಷ ಕಲಬುರಗಿಯಲ್ಲಿ ಹುಡುಗಿಯರ ಜಿಲ್ಲಾ ತಂಡದ ಆಯ್ಕೆ ಎಂದು ಕಾಲೇಜಿಗೆ ಸುದ್ದಿ ಬಂತು. ಸುದ್ದಿ ತಿಳಿಸಿದ ಆಟದ ಸರ್ ಒಂದು ಮಾತು ಸೇರಿಸಿದರು. ಅಲ್ಲಿ ಲೆದರ್ ಬಾಲಿನಲ್ಲಿ ಆಡಿಸುತ್ತಾರೆ, ಬ್ಯಾಟು ಅವರವರೇ ತರಬೇಕು. ನಮ್ಮ ಕಾಲೇಜಿನಲ್ಲಿ ಲೆದರ್ ಬಾಲಿಗೆ ತಡೆಯುವ ಬ್ಯಾಟು ಒಂದೇ ಇತ್ತು, ಅದರ ಸೀಳಿದ ಹ್ಯಾಂಡಲಿಗೆ ದಾರ ಸುತ್ತಿ ಎರಡು ವರ್ಷವಾಗಿತ್ತು. ಆಯ್ಕೆಗೆ ಇನ್ನೂ ಒಂದು ತಿಂಗಳು. ಹಿಂದಿನ ಬಾರಿ ಸುದ್ದಿಯೇ ನಮ್ಮ ಕಾಲೇಜಿಗೆ ತಲುಪಿರಲಿಲ್ಲ, ಮುಂದಿನ ಬಾರಿ ವಯಸ್ಸು ಮೀರುತ್ತಿತ್ತು. ನನಗೆ ಇದ್ದದ್ದು ಅದೊಂದೇ ಅವಕಾಶ.

ಸ್ಕಾಲರ್‌ಶಿಪ್ಪಿನಲ್ಲಿ ಉಳಿದದ್ದು ಮತ್ತು ಅಪ್ಪ ಕೊಟ್ಟದ್ದು ಸೇರಿ ನನ್ನ ಹತ್ತಿರ ಎರಡು ಸಾವಿರ ರೂಪಾಯಿ ಇತ್ತು. ಮೊದಲು ಕಲಬುರಗಿಯ ದೊಡ್ಡ ಅಂಗಡಿಗೇ ಹೋದೆ. ಗಾಜಿನ ಆಚೆ ಇಂಗ್ಲಿಷ್ ವಿಲ್ಲೋ ಮರದ ಬ್ಯಾಟುಗಳು ದೀಪದ ಕೆಳಗೆ ನಿಂತಿದ್ದವು. ಅವುಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದಕ್ಕೂ ನನ್ನಂಥ ನಾಲ್ವರ ದುಡ್ಡು ಬೇಕಿತ್ತು. ಅಂಗಡಿಯ ಹುಡುಗ ಒಳ್ಳೆಯವನು, ಕೈಗೆ ಕೊಟ್ಟು ಆಡಿಸಿ ನೋಡಲು ಬಿಟ್ಟ. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಆ ಬ್ಯಾಟಿನ ನೇರ ಗೆರೆಗಳೇ ಕಣ್ಣ ಮುಂದೆ ಇದ್ದವು.

ಮರುದಿನ ಖಾಲಾನ ಚಾಪೆಯ ಮುಂದೆ ಕೂತೆ. ಇರುವ ದುಡ್ಡು ಹೇಳಿದೆ, ಆಯ್ಕೆಯ ವಿಷಯ ಹೇಳಿದೆ. ಬಳೆಯ ಬೆಲೆಯಲ್ಲಿ ಅವರು ಎಷ್ಟು ಬೇಕಾದರೂ ಚೌಕಾಸಿ ಮಾಡುತ್ತಿದ್ದರು, ಬ್ಯಾಟಿನ ಬೆಲೆಯಲ್ಲಿ ಮಾತ್ರ ಇಲ್ಲ. ಗ್ಲೌಸಿಗೂ ದುಡ್ಡು ಉಳಿಯಬೇಕಲ್ಲ ಎಂದು ತಾವೇ ಹೇಳಿ, ಹದಿನೇಳು ನೂರರ ಒಳಗಿನವನ್ನು ಮಾತ್ರ ತಂದು ಸಾಲಾಗಿ ಮಲಗಿಸಿದರು. ಕಣ್ಣು ಮುಚ್ಚಿಕೊಂಡೆ. ಎಡಗೈಯಲ್ಲಿ ಒಂದೊಂದನ್ನೇ ನೇರಕ್ಕೆ ಚಾಚಿ ಹಿಡಿದು ಕೂರುವುದು, ಅಷ್ಟರಲ್ಲಿ ಅವರು ಒಬ್ಬ ಗಿರಾಕಿಗೆ ಬಳೆ ಇಟ್ಟು ಮುಗಿಸುವುದು. ಅಷ್ಟರೊಳಗೆ ಕೈ ಬಾಗಿದರೆ ಆ ಬ್ಯಾಟು ಪರದೆಯ ಹಿಂದೆ ವಾಪಸ್ಸು. ಬಳೆ ಇಡಿಸಿಕೊಳ್ಳುತ್ತಿದ್ದ ಒಬ್ಬಾಕೆ, ಈ ಹುಡುಗಿಗೆ ಏನು ಶಿಕ್ಷೆ ಕೊಟ್ಟಿದ್ದೀರಿ ಎಂದು ಕೇಳಿದಳು.

ಹೀಗೆ ಮೂರು ಸಂಜೆ ಹೋದೆ. ಕೊನೆಗೆ ಎರಡು ಉಳಿದವು, ಎರಡರ ಪೇಪರನ್ನೂ ಬಿಚ್ಚಿದರು. ಒಂದರ ಮೈಮೇಲೆ ಕಲಬುರಗಿಯಲ್ಲಿ ಕಂಡಂತಹ ನೇರ ಗೆರೆಗಳು, ನೋಡಲು ಬಾಚಿದ ಕೂದಲಿನ ಹಾಗೆ. ಇನ್ನೊಂದಕ್ಕೆ ನಡುಮೈಯಲ್ಲಿ ಒಂದು ಕಂದು ಕಲೆ, ಚಹಾ ಚೆಲ್ಲಿದ ಹಾಗೆ. ಗೆರೆಯದು ತುಸು ಭಾರ, ಕಲೆಯದು ಹಗುರ. ಖಾಲಾ ಬಳೆ ಮೇಲೇರಿಸಿ ಎರಡನ್ನೂ ಬಡಿದರು. ಗೆರೆಯದು ಟಪ್ ಎಂದಿತು. ಕಲೆಯದು ಟಣ್ ಎಂದು, ಸ್ವಲ್ಪ ಹೊತ್ತು ಒಳಗೇ ಗುನುಗಿತು.

ನಾನು ಗೆರೆಯದನ್ನೇ ನೋಡುತ್ತಿದ್ದೆ. ಅವರಿಗೆ ಅದು ತಿಳಿಯಿತು.

"ಕಣ್ಣಿಗಿ ಅದು ಬೇಕಂತದ. ಕೈಗಿ?"

"ಕೈಗಿ ಇದು, ಖಾಲಾ."

"ಆಡೋದು ಯಾವುದು?"

ಕಲೆಯದನ್ನು ತೆಗೆದುಕೊಂಡೆ. ನನ್ನ ಮುಖ ನೋಡಿ ಅವರೇ ಬಿಸ್ಕೀಟಿನ ಡಬ್ಬಿ ತೆಗೆದು, ಒಂದು ಕೆಂಪು ಸ್ಟಿಕ್ಕರನ್ನು ಆ ಕಲೆಯ ಮೇಲೆ ಪುಕ್ಕಟೆಯಾಗಿ ಅಂಟಿಸಿದರು. ಲೆದರ್ ಬಾಲಿಗೆ ಆಡುವ ಮುಂಚೆ ಬಟ್ಟೆಯಲ್ಲಿ ನಾಲ್ಕು ಹನಿ ಅಗಸಿ ಎಣ್ಣೆ ತೆಗೆದುಕೊಂಡು ಮೈಗೆಲ್ಲ ತೆಳ್ಳಗೆ ಸವರಬೇಕು, ಒಣಗಿದ ಮೇಲೆ ಹಳೆಯ ಬಾಲನ್ನು ಸಾಕ್ಸಿನಲ್ಲಿ ಹಾಕಿ ದಿನಾ ಮೆಲ್ಲಗೆ ಬಡಿದು ಪಳಗಿಸಬೇಕು ಎಂದು ಹೇಳಿಕೊಟ್ಟರು.

ಎಣ್ಣೆ ಸವರಿ ಬಡಿಯುವುದನ್ನು ಶುರು ಮಾಡಿದೆ. ಒಂದು ವಾರ ಎಲ್ಲವೂ ಸರಿಯಾಗಿತ್ತು. ಆಮೇಲೆ ಎರಡು ದಿನ ಅಕ್ಕನ ಮನೆಗೆ ಅಫಜಲಪುರಕ್ಕೆ ಹೋಗಬೇಕಾಯಿತು. ಮನೆಯಲ್ಲಿ ಮುತ್ಯಾ ಇದ್ದ. ಮುತ್ಯಾ ಎಂದರೆ ಅಪ್ಪನ ಅಪ್ಪ. ಓಣಿಯಲ್ಲಿ ಯಾರ ಕೊಡಲಿಗೆ, ಸಲಿಕೆಗೆ, ಕುರ್ಪಿಗೆ ಹೊಸ ಕಾವು, ಎಂದರೆ ಮರದ ಹಿಡಿ, ಬೇಕಾದರೂ ಅವನೇ ಹಾಕಿಕೊಡುತ್ತಿದ್ದ. ಜಾಲಿಯ ಕಟ್ಟಿಗೆ ಕೆತ್ತಿ ಕಾವು ಮಾಡಿ, ಅದನ್ನು ಎಣ್ಣೆಯ ಡಬ್ಬಿಯಲ್ಲಿ ಒಂದು ರಾತ್ರಿ ನಿಲ್ಲಿಸಿಟ್ಟರೆ ಮುಂದೆ ಹತ್ತು ವರ್ಷ ಸೀಳುವುದಿಲ್ಲ ಎನ್ನುತ್ತಿದ್ದ. ಮೊಮ್ಮಗಳು ನಾಲ್ಕು ನಾಲ್ಕು ಹನಿ ಸವರುವುದನ್ನು ನೋಡಿ ಅವನಿಗೆ ಕನಿಕರ ಬಂದಿತ್ತು. ನಾನಿಲ್ಲದ ಹೊತ್ತಿನಲ್ಲಿ ಗಾಣದಿಂದ ಒಳ್ಳೆಯ ಅಗಸಿ ಎಣ್ಣೆ ತರಿಸಿ, ಡಬ್ಬಿಯಲ್ಲಿ ಸುರಿದು, ಬ್ಯಾಟನ್ನು ಬುಡ ಕೆಳಗೆ ಮಾಡಿ ಅದರಲ್ಲಿ ನಿಲ್ಲಿಸಿದ. ಎರಡು ದಿನವೂ ಅದು ಅಲ್ಲೇ ನಿಂತಿತ್ತು.

ನಾನು ಬಂದಾಗ ಡಬ್ಬಿಯಲ್ಲಿ ಎಣ್ಣೆ ಬಹಳ ಇರಲಿಲ್ಲ. ಕೆಂಪು ಸ್ಟಿಕ್ಕರು ಜಾರಿ ಡಬ್ಬಿಯ ಅಂಚಿಗೆ ಅಂಟಿಕೊಂಡಿತ್ತು. ಬ್ಯಾಟಿನ ಬುಡ ಜೇನಿನ ಬಣ್ಣಕ್ಕೆ ತಿರುಗಿತ್ತು. ಎತ್ತಿದೆ. ಯಾರೋ ಕೆಳಗಿನಿಂದ ಹಿಡಿದು ಎಳೆದ ಹಾಗಾಯಿತು. ಗೆಣ್ಣಿನಿಂದ ಬಡಿದೆ. ಟಣ್ ಇಲ್ಲ, ಟಪ್ ಕೂಡ ಇಲ್ಲ. ತೋಯ್ದ ಗೋಡೆಗೆ ಬಡಿದಂತಹ ಸದ್ದು.

ಮುತ್ಯಾ ಬಾಗಿಲಲ್ಲಿ ನಗುಮುಖದಿಂದ ನಿಂತಿದ್ದ. ನಾನು ಒಂದೂ ಮಾತಾಡದೆ ಒಳಗೆ ಹೋದೆ. ಆಯ್ಕೆಗೆ ಹನ್ನೆರಡು ದಿನ ಉಳಿದಿತ್ತು, ಇನ್ನೊಂದು ಬ್ಯಾಟಿಗೆ ದುಡ್ಡಿರಲಿಲ್ಲ. ರಾತ್ರಿ ಊಟದ ಹೊತ್ತಿಗೆ ಅವ್ವ ಅವನಿಗೆ ವಿಷಯ ತಿಳಿಸಿದಳು. ಅವನು ಅರ್ಧ ರೊಟ್ಟಿಗೇ ಕೈ ತೊಳೆದುಕೊಂಡ.

ಬೆಳಿಗ್ಗೆ ಎದ್ದು ನೋಡಿದರೆ ಬ್ಯಾಟೂ ಇಲ್ಲ, ಮುತ್ಯಾನೂ ಇಲ್ಲ. ಹುಡುಕುತ್ತಾ ಬಳೆ ಅಂಗಡಿಗೆ ಓಡಿದೆ. ಅಲ್ಲಿ ಕಂಡದ್ದನ್ನು ನಾನು ಮರೆಯಲಾರೆ. ಬಳೆ ಇಡಿಸುವ ಹೊತ್ತಿನಲ್ಲಿ ಗಂಡಸರು ಹತ್ತದ ಮೆಟ್ಟಿಲು ಹತ್ತಿ, ಹೆಂಗಸರ ನಡುವೆ, ಚಾಪೆಯ ಅಂಚಿನಲ್ಲಿ, ಕಂಬಳಿಯಲ್ಲಿ ಸುತ್ತಿದ ಬ್ಯಾಟನ್ನು ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಮುತ್ಯಾ ಕೂತಿದ್ದ. ಖಾಲಾ ಅವನಿಗೆ ಬಸಿಯಲ್ಲಿ ಚಹಾ ಕೊಟ್ಟಿದ್ದರು.

"ಇದು ಯಾವ ಗಿಡದ್ದು ತಂಗಿ?" ಎಂದು ಅವನು ಕೇಳುತ್ತಿದ್ದ.

"ಕಾಶ್ಮೀರದ್ದು ಮುತ್ಯಾ. ನೀರಿನ ದಂಡಿ ಮ್ಯಾಲ ಬೆಳೀತದಂತ, ನಮ್ಮವರು ನೋಡ್ಯಾರ."

"ಅದಕ್ಕ ನೋಡು, ಹಂಗ ಕುಡೀತು. ನಮ್ಮ ಜಾಲಿ ಆಗಿದ್ರ ಒಂದು ಹನಿ ಒಳಗ ಬಿಡ್ತಿರಲಿಲ್ಲ." ಬಸಿ ಕೆಳಗಿಟ್ಟು ಹೇಳಿದ, "ಹುಡುಗಿ ನನ್ನ ಕೂಡ ಮಾತಾಡವಲ್ಲದು."

ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಖಾಲಾ ನನ್ನನ್ನು ನೋಡಿಯೂ ನೋಡದವರ ಹಾಗೆ ಅವನಿಗೇ ಹೇಳಿದರು. "ಮಾತಾಡ್ತಾಳ. ಮೊದ್ಲ ಬ್ಯಾಟ್ ಮಾತಾಡ್ಲಿ."

ಬ್ಯಾಟನ್ನು ತಲೆಕೆಳಗು ಮಾಡಿ, ಬುಡಕ್ಕೆ ಹಳೆಯ ಉರ್ದು ಪೇಪರ್ ದಪ್ಪಗೆ ಸುತ್ತಿ ಪರದೆಯ ಹಿಂದೆ ನಿಲ್ಲಿಸಿದರು. ಪೇಪರು ಎಣ್ಣೆ ಹೀರಿ ಗಾಜಿನ ಹಾಗೆ ತೆಳುವಾಗುತ್ತಿತ್ತು. ದಿನಾ ಬೆಳಿಗ್ಗೆ ಮುತ್ಯಾನೇ ಹೋಗಿ ಹಳೆಯದನ್ನು ಬಿಚ್ಚಿ ಹೊಸದನ್ನು ಸುತ್ತಿ ಬರುತ್ತಿದ್ದ. ಹೆಂಗಸರಿಗೆ ಅವನು ಎಷ್ಟು ರೂಢಿಯಾದನೆಂದರೆ, ಯಾವ ಬಣ್ಣದ ಬಳೆ ಒಪ್ಪುತ್ತದೆ ಎಂದು ಅವನನ್ನೇ ಕೇಳತೊಡಗಿದರು. ಎಲ್ಲರಿಗೂ ಹಸಿರು ಎನ್ನುತ್ತಿದ್ದನಂತೆ.

ಒಂದು ವಾರ ಕಳೆದ ಮೇಲೆ ಬ್ಯಾಟು ಕೈಗೆ ಬಂತು. ಸದ್ದು ಸ್ವಲ್ಪ ಮರಳಿತ್ತು. ಆದರೆ ತೂಕ ಪೂರಾ ಇಳಿದಿರಲಿಲ್ಲ. ಬುಡದಲ್ಲಿ ಉಳಿದ ಎಣ್ಣೆ ಬುಡದಲ್ಲೇ ಉಳಿದಿತ್ತು. ಎತ್ತುವುದರೊಳಗೆ ಬಾಲು ದಾಟಿಹೋಗುತ್ತದೆ ಎಂದೆ. ಖಾಲಾ ತಮ್ಮ ಬಲಗೈ ಮುಂದೆ ಚಾಚಿ, ಮೊಣಕೈಯಲ್ಲಿದ್ದ ಬಳೆಗಳನ್ನೆಲ್ಲ ಜಾರಿಸಿ ಮುಂಗೈಗೆ ಬಿಟ್ಟರು. ಝಣ್ ಎಂದು ಬಂದು ಕೂತವು.

"ಇಷ್ಟೂ ಬಳಿ ಇಲ್ಲಿ ಇದ್ವು ಅಂದ್ರ ರೊಟ್ಟಿ ಬಡೀಲಿಕ್ಕ ಆಗಂಗಿಲ್ಲ, ಕೈ ಸೋಲ್ತದ." ಮತ್ತೆ ಅವನ್ನು ಮೊಣಕೈವರೆಗೆ ತಳ್ಳಿದರು. "ಇಲ್ಲಿಗಿ ತಂದ್ವಿ ಅಂದ್ರ ದಿನಾ ಪೂರಾ ಬಡೀತೀನಿ. ಬಳಿ ಅವೇ ಅವ. ತೂಕ ಕಡಿಮಿ ಆಗಿಲ್ಲ ಬೇಟಿ, ಹತ್ರ ಬಂದದ."

ಆಮೇಲೆ ನನ್ನ ಎರಡೂ ಕೈಗಳನ್ನು ಹ್ಯಾಂಡಲಿನ ತುದಿಯಿಂದ ಬಿಡಿಸಿ, ಕೆಳಗೆ, ಬ್ಯಾಟಿನ ಹೆಗಲಿಗೆ ತಾಗುವಷ್ಟು ಕೆಳಗೆ ಇಳಿಸಿ ಹಿಡಿಸಿದರು. ಎತ್ತಿದೆ. ಬ್ಯಾಟು ಎದ್ದು ಬಂತು. ಮೊದಲಿನಷ್ಟು ಹಗುರ ಎನ್ನಲಾರೆ, ಆದರೆ ನಾನು ಹೇಳಿದ ಹೊತ್ತಿಗೆ ಎದ್ದು ಬಂತು.

ಉಳಿದ ದಿನಗಳೆಲ್ಲ ಹಾಗೆ ಹಿಡಿದೇ ಅಭ್ಯಾಸ ಮಾಡಿದೆ. ಕೆಳಗೆ ಹಿಡಿದರೆ ಬೀಸಿ ಎತ್ತಿ ಹೊಡೆಯಲು ಬರುವುದಿಲ್ಲ. ತಲೆ ಬಗ್ಗಿಸಿ, ಬಾಲಿನ ಹತ್ತಿರಕ್ಕೆ ಹೋಗಿ, ನೆಲದ ಮೇಲೆಯೇ ತಳ್ಳಬೇಕು. ಹುಡುಗರು ನೋಡಿ, ಏನು ಕಸಬಾರಿಗೆ ಹಿಡಿದಿದ್ದೀಯಾ ಎಂದು ನಕ್ಕರು. ಮುತ್ಯಾ ಮೈದಾನದ ಅಂಚಿನಲ್ಲಿ ಬೇವಿನ ಕೆಳಗೆ ಕೂತು, ದಾಟಿ ಬಂದ ಬಾಲುಗಳನ್ನು ಎದ್ದು ಎಸೆಯುತ್ತಿದ್ದ. ಅಷ್ಟರಲ್ಲಿ ನಮ್ಮ ಮಾತು ಮತ್ತೆ ಶುರುವಾಗಿತ್ತು. ಯಾವತ್ತು, ಯಾರು ಮೊದಲು ಮಾತಾಡಿದರು ಎಂಬುದನ್ನು ನಾನು ಡೈರಿಯಲ್ಲಿ ಬರೆದಿಲ್ಲ.

ಆಯ್ಕೆಯ ದಿನ ಪ್ರತಿಯೊಬ್ಬರಿಗೂ ನೆಟ್ಟಿನಲ್ಲಿ ಮೂರು ಓವರು. ಹೆದರಿಕೆಗೆ ನನ್ನ ಕೈಗಳು ಹಳೆಯ ರೂಢಿಯಂತೆ ಹ್ಯಾಂಡಲಿನ ತುದಿಗೆ ಏರಿಬಿಟ್ಟಿದ್ದವು. ಮೊದಲ ಬಾಲು ಬ್ಯಾಟು ಇಳಿಯುವುದರೊಳಗೆ ದಾಟಿಹೋಯಿತು. ಎರಡನೆಯದು ಅಂಚಿಗೆ ತಾಗಿ ಹಿಂದೆ ಹೋಯಿತು. ಬಾಲು ಹಾಕುತ್ತಿದ್ದ ಹುಡುಗಿ ವಾಪಸ್ಸು ನಡೆದು ಹೋಗುವಷ್ಟರಲ್ಲಿ ನಾನು ಬ್ಯಾಟನ್ನು ಕಾಲಿಗೆ ಒರಗಿಸಿ, ಎರಡೂ ಕೈಯ ತೋಳುಗಳನ್ನು ಮೊಣಕೈವರೆಗೆ ಏರಿಸಿಕೊಂಡೆ. ನನ್ನ ಕೈಯಲ್ಲಿ ಬಳೆ ಇರಲಿಲ್ಲ, ಬರೀ ಅಂಗಿಯ ತೋಳು. ಆಮೇಲೆ ಕೈ ಇಳಿಸಿ ಹಿಡಿದೆ. ಮೂರನೆಯ ಬಾಲು ನೇರವಾಗಿ, ಹಾಕಿದವಳ ಪಕ್ಕದಲ್ಲಿಯೇ, ನೆಲ ಬಿಡದೆ ಹೋಯಿತು. ಟಣ್ ಎಂದದ್ದು ನನಗೆ ಕೇಳಿಸಿತು. ಉಳಿದವುಗಳಲ್ಲಿ ಒಂದೂ ಗಾಳಿಗೆ ಏಳಲಿಲ್ಲ. ಸಂಜೆ ಓದಿದ ಪಟ್ಟಿಯಲ್ಲಿ ನನ್ನ ಹೆಸರು ಕೊನೆಯಿಂದ ಎರಡನೆಯದು.

ಬಸ್ಸಿಳಿದವಳು ಮನೆಗೆ ಹೋಗಲಿಲ್ಲ, ಅಂಗಡಿಗೆ ಹೋದೆ. ನಾನು ಬಾಯಿ ತೆರೆಯುವ ಮುಂಚೆ ಖಾಲಾ ಕೈ ಚಾಚು ಎಂದರು. ಚಾಚಿದೆ. ಒತ್ತಿ ನೋಡಿ, ಮಡಚಿ ನೋಡಿ, "ಬಿಗಿ ಹಿಡದಿಲ್ಲ. ಅಂದ್ರ ಅಂಜಿಕಿ ಹೋಗ್ಯದ. ಅಂದ್ರ ಆಗ್ಯದ," ಎಂದರು. ಆಮೇಲೆ ಮುತ್ಯಾನಿಗೆ ಹೇಳಿಕಳಿಸಿದೆಯಾ ಎಂದು ಕೇಳಿದರು. ಇಲ್ಲ ಎಂದಾಗ ಮೊದಲು ಮನೆಗೆ ಹೋಗು ಎಂದು ಅಟ್ಟಿದರು.

ಆ ಬ್ಯಾಟಿನಲ್ಲಿ ನಾನು ನಾಲ್ಕು ಹಂಗಾಮು ಆಡಿದ್ದೇನೆ. ಕುಡಿದ ಎಣ್ಣೆ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಒಳಗೇ ಗಟ್ಟಿಯಾಗಿ ಕೂತಿತು. ಕಾಶ್ಮೀರ ವಿಲ್ಲೋದ ಬುಡ ಎರಡು ವರ್ಷಕ್ಕೆ ಸೀಳುತ್ತದೆ ಎನ್ನುತ್ತಾರೆ, ಇದರದು ಸೀಳಿಲ್ಲ. ಅದನ್ನು ಹೇಳಿದಾಗಲೆಲ್ಲ ಮುತ್ಯಾ ಮೀಸೆ ತಿರುವುತ್ತಾನೆ. ಕಲೆಯ ಮೇಲೆ ನಾನು ಮತ್ತೆ ಸ್ಟಿಕ್ಕರ್ ಹಚ್ಚಲಿಲ್ಲ. ಈಗ ಕಲಬುರಗಿಯಲ್ಲಿ ಓದುತ್ತಾ, ವಿಶ್ವವಿದ್ಯಾಲಯದ ತಂಡಕ್ಕೆ ಆಡುತ್ತೇನೆ. ತಂಡದವರು ಕೊಟ್ಟ ಇಂಗ್ಲಿಷ್ ವಿಲ್ಲೋ ಬ್ಯಾಟೂ ಇದೆ, ಗೆರೆಗಳು ನೇರವಾಗಿವೆ. ಆದರೂ ಕೈಯನ್ನು ಹ್ಯಾಂಡಲಿನ ಕೆಳಗೇ ಹಿಡಿಯುತ್ತೇನೆ. ಕೋಚ್ ತಿದ್ದಲು ಒಂದು ವಾರ ನೋಡಿ, ರನ್ನು ಬರುತ್ತಿವೆ ಎಂದು ಬಿಟ್ಟುಬಿಟ್ಟರು.

ಹೋದ ಮಳೆಗಾಲದಲ್ಲಿ ಖಾಲಾ ತೀರಿಕೊಂಡರು. ಬಹಳ ನರಳಲಿಲ್ಲ. ಮಧ್ಯಾಹ್ನದ ನಮಾಜು ಮುಗಿಸಿ ಒರಗಿದವರು ಹಾಗೆಯೇ ಹೋದರಂತೆ. ನಾನು ಹೋಗುವಷ್ಟರಲ್ಲಿ ಮಣ್ಣು ಆಗಿತ್ತು. ಮನೆಯ ತುಂಬ ಹೆಂಗಸರು. ಅಷ್ಟು ಹೆಂಗಸರ ಕೈಯಲ್ಲೂ ಇದ್ದದ್ದು ಅವರು ಇಟ್ಟ ಬಳೆಗಳೇ. ಯಾರು ಕಣ್ಣು ಒರೆಸಿಕೊಂಡರೂ ಅವು ಸದ್ದು ಮಾಡುತ್ತಿದ್ದವು. ಮುತ್ಯಾ ಹೊರಗೆ ಚಾಚಾನ ಪಕ್ಕದಲ್ಲಿ ಕೂತಿದ್ದ.

ಚಾಚಾ ಲಾರಿ ಬಿಟ್ಟು ಈಗ ಅಂಗಡಿಯಲ್ಲಿ ಕೂರುತ್ತಾರೆ. ಬಳೆ ಇಡಲು ಸೊಸೆ ಇದ್ದಾಳೆ. ಬ್ಯಾಟುಗಳನ್ನು ಈಗ ಬೇರೆ ಡ್ರೈವರ್ ಒಬ್ಬ ತಂದುಕೊಡುತ್ತಾನೆ. ರಜೆಯಲ್ಲಿ ಊರಿಗೆ ಬಂದಾಗ ನಾನು ಪರದೆಯ ಹಿಂದೆ ಕೂತು ಹೊಸ ಬ್ಯಾಟುಗಳನ್ನು ಬಡಿದು ನೋಡಿ ಬೇರೆ ಬೇರೆ ಇಡುತ್ತೇನೆ. ಮೊನ್ನೆ ಅಂದೋಲಾದಿಂದ ಒಬ್ಬ ಹುಡುಗಿ ತನ್ನ ಅಣ್ಣನ ಜೊತೆ ಬಂದಿದ್ದಳು. ಕೈ ಚಾಚು ಎಂದೆ. ಒತ್ತಿ ನೋಡಿದೆ. ನನಗೆ ಖಾಲಾನಷ್ಟು ತಿಳಿಯುವುದಿಲ್ಲ, ಅದಕ್ಕೆ ಎರಡು ಸಲ ಒತ್ತಿದೆ. ಅವಳು ಕಣ್ಣು ಮುಚ್ಚಿ ಮೂರು ಬ್ಯಾಟು ಹಿಡಿದು, ಎರಡನೆಯದನ್ನು ಆರಿಸಿ, ಪೇಪರ್ ಬಿಚ್ಚಿದ ಮೇಲೆ ಸ್ವಲ್ಪ ಮುಖ ಸಣ್ಣದು ಮಾಡಿದಳು. ನಾನು ಬಿಸ್ಕೀಟಿನ ಡಬ್ಬಿ ತೆಗೆದೆ.

ಅವಳು ಹೋದ ಮೇಲೆ ಚಾಚಾ ಗೋಡೆಯ ಬಳೆಗಳತ್ತ ನೋಡಿದರು. ಅಕ್ಕನ ಮದುವೆಗೆ ಬಳೆ ಇಡಿಸುವಾಗ ಖಾಲಾ ನನಗೆ ಹೇಳಿದ ಮಾತು ಅವರಿಗೂ ಗೊತ್ತು. ಎರಡು-ನಾಲ್ಕರ ಹಸಿರು ಬಳೆ ಹೊಸ ಮಾಲಿನಲ್ಲಿ ಚೆನ್ನಾಗಿ ಬಂದಿದೆ ಎಂದು ಸೊಸೆ ಹೇಳುತ್ತಿದ್ದಳು. ನಾನು ಊರಿಗೆ ಬಂದಾಗಲೆಲ್ಲ ಕೇಳುವ ಹಾಗೆ ಚಾಚಾ ಈ ಸಲವೂ ಕೇಳಿದರು.

"ನಿನ್ನ ಬಳಿಗೋಳು ಇನ್ನೂ ಬಾಕಿ ಅವ. ಯಾವಾಗ ಹಾಕ್ಕೊಂತಿ ಬೇಟಿ?"

ನನ್ನ ಅಂಗೈ ತಿರುಗಿಸಿ ನೋಡಿಕೊಂಡೆ. ಬೆರಳ ಬುಡದ ಗಂಟುಗಳು ಹಾಗೇ ಇದ್ದವು.

"ಇನ್ನೂ ಆಡಾಕತ್ತೇನ್ರಿ, ಚಾಚಾ."